ಮಡಲಿನ ಮೇಲೆ ಕೂತ ಹವಾಲ್ದಾರ

ಕುಮಟೆ ಬಸ್‌ಸ್ಟ್ಯಾಂಡಿನಲ್ಲಿ ಸೀಟು ಹಿಡಿಯಲು ಜನ ಕಿಟಕಿಯಿಂದ ಟವೆಲು ಹಾಕುತ್ತಾರೆ, ಕೊಡೆ ಹಾಕುತ್ತಾರೆ, ತೀರಾ ರಶ್ಶಿದ್ದರೆ ಮಗುವನ್ನೇ ಒಳಗೆ ದಾಟಿಸುತ್ತಾರೆ. ನಮ್ಮ ಲಿಂಗಪ್ಪಣ್ಣ ಕಾಲು ಹಾಕುತ್ತಾನೆ. ಬೂಟು, ಕಾಲುಚೀಲ ಎಲ್ಲ ಸಮೇತ. ಹೊನ್ನಾವರದ ಬಸ್ಸು ಬಂದು ನಿಲ್ಲುವುದರೊಳಗೆ ಕಂಬಕ್ಕೆ ಒರಗಿ, ಪ್ಯಾಂಟಿನ ಅಂಚು ಮೇಲೆತ್ತಿ, ಮೊಣಕಾಲಿನ ಕೆಳಗಿನ ಎಡಗಾಲನ್ನು ಟಪ್ಪೆಂದು ಕಳಚಿ, ಕಿಟಕಿಯಿಂದ ತೂರಿಸಿ ಸೀಟಿನ ಮೇಲೆ ಮಲಗಿಸುತ್ತಾನೆ. ಆಮೇಲೆ ಆ ಸೀಟಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಅದರ ಮುಂದಿನದೂ ಹಿಂದಿನದೂ ತಾವಾಗಿಯೇ ಖಾಲಿಯಾಗುತ್ತವೆ.

ಒಮ್ಮೆ ಹೊಸ ಕಂಡಕ್ಟರ್ ಬಂದಿದ್ದ. ಸೀಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, "ಯಾರದ್ರೀ ಇದು ಕಾಲು?" ಎಂದು ಕೂಗಿದ.

"ನಂದೇ ಮಾರಾಯಾ. ಅದು ಮೊದ್ಲ್ ಹತ್ಕಂತು, ನಾ ಹಿಂದ್ ಬತ್ತೆ."

"ನಿಮಗೆ ಅಂಗವಿಕಲರ ಸೀಟೇ ಉಂಟಲ್ಲ?"

"ಅದ್ರಲ್ಲಿ ಕೂತವ್ರಿಗೆ ಏಳಿ ಅಂಬೂಕೆ ನಂಗೆ ನಾಚ್ಕೆ. ಇದಾದ್ರೆ ನಾ ಎಂತ ಹೇಳೂದೂ ಬ್ಯಾಡ, ಅವ್ರೇ ಏಳ್ತ್ರು."

ಹೊಳನಗದ್ದೆಯ ಲಿಂಗಪ್ಪ ಪಟಗಾರ ಎಂದರೆ ಇದು. ವಯಸ್ಸು ನಲವತ್ತೆರಡು. ಸೇನೆಯಲ್ಲಿ ಹವಾಲ್ದಾರನಾಗಿದ್ದವನು. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ದಾಸವಾಳದ ಬೇಲಿ ಮಾತ್ರ, ಹಾಗಾಗಿ ನಾನು ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಕಣ್ಣಾರೆ ಕಂಡದ್ದು. ಉಳಿದದ್ದು ಅವನ ಹೆಂಡತಿ ಗಂಗಕ್ಕ ಹೇಳಿದ್ದು. ಲಿಂಗಪ್ಪಣ್ಣ ಹೇಳಿದ್ದನ್ನು ಮಾತ್ರ ಒಂದೂ ಸೇರಿಸಿಲ್ಲ, ಯಾಕೆಂದರೆ ಅವನು ನಿಜ ಹೇಳುವುದೇ ಇಲ್ಲ.

ಕಾಲು ಹೋದ ಕತೆಯನ್ನೇ ನೋಡಿ. ಬಾಡದಿಂದ ಮೀನು ತರುವ ಹೆಂಗಸಿಗೆ, "ನಿಮ್ಮೂರ ಕಡಲಲ್ಲಿ ಒಂದ್ ದೊಡ್ಡ ಮೀನು ಕಚ್ತು, ನೀ ಮಾರಿದ್ ತುಂಡಲ್ಲಿ ನನ್ ಹೆಬ್ಬೆರಳು ಸಿಕ್ರೆ ವಾಪಸ್ ಕೊಡು" ಎಂದಿದ್ದ. ಆ ಹೆಂಗಸು ಒಂದು ತಿಂಗಳು ಅವರ ಮನೆ ಕಡೆ ಬುಟ್ಟಿ ಇಳಿಸಲಿಲ್ಲ. ಅಪ್ಸರಕೊಂಡಕ್ಕೆ ಬಂದ ಪ್ರವಾಸಿಗಳಿಗೆ, ಜಲಪಾತದ ಕೆಳಗೆ ಮೀಯುವಾಗ ಅಪ್ಸರೆಯೊಬ್ಬಳು ಕಾಲು ಹಿಡಿದುಕೊಂಡಳೆಂದೂ, ಎಷ್ಟು ಬೇಡಿದರೂ ಬಿಡಲಿಲ್ಲವೆಂದೂ, ಕೊನೆಗೆ ಕಾಲನ್ನು ಅಲ್ಲೇ ಬಿಟ್ಟು ಬಂದೆನೆಂದೂ ಹೇಳಿದ್ದ. ಅವರಲ್ಲಿ ಇಬ್ಬರು ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು.

ನಿಜ ಇಷ್ಟೇ. ಎಂಟು ವರ್ಷದ ಹಿಂದೆ, ಗಡಿಯಲ್ಲಿ, ಬೆಳಗಿನ ಗಸ್ತಿಗೆ ಹೋದಾಗ ನೆಲಬಾಂಬಿನ ಮೇಲೆ ಕಾಲಿಟ್ಟ. ಹಿಂದೆ ಬರುತ್ತಿದ್ದ ಮೂವರಿಗೆ ಏನೂ ಆಗಲಿಲ್ಲ. ಇದನ್ನು ಗಂಗಕ್ಕ ನನಗೆ ಅಕ್ಕಿ ಆರಿಸುತ್ತ ಹೇಳಿದಳು, ತಲೆಯೆತ್ತದೆ.

ಅದಕ್ಕೂ ಮೊದಲು ರಜೆಗೆ ಬಂದಾಗಲೆಲ್ಲ ಲಿಂಗಪ್ಪಣ್ಣ ನಮ್ಮೂರ ವಾಲಿಬಾಲ್ ತಂಡದ ಸ್ಮ್ಯಾಶರ್. ನಮ್ಮ ಕಡೆ ವಾಲಿಬಾಲ್ ಅಂದರೆ ಏನೆಂದು ಹೇಳಬೇಕಾಗಿಲ್ಲ, ದೇವಸ್ಥಾನ ಇಲ್ಲದ ಕೇರಿ ಇರಬಹುದು, ಎರಡು ಕಂಬ ನೆಟ್ಟು ನೆಟ್ ಕಟ್ಟದ ಕೇರಿ ಇಲ್ಲ. ಅವನು ಹಾರಿ ಹೊಡೆದರೆ ಚೆಂಡು ನೆಲ ಮುಟ್ಟಿ ಆಚೆ ಗದ್ದೆಗೆ ಹೋಗುತ್ತಿತ್ತು, ಹುಡುಕಲು ಮೂರು ಜನ ಬೇಕಾಗುತ್ತಿತ್ತು ಎಂದು ಈಗಲೂ ಹೇಳುತ್ತಾರೆ. ಹಾರುವವನಿಗೆ ಕಾಲೇ ಹೋಯಿತಲ್ಲ. ಪುಣೆಯ ಆಸ್ಪತ್ರೆಯಲ್ಲಿ ಒಂದೆರಡು ವರ್ಷ ಕಳೆದು, ಹೊಸ ಕಾಲು ಹಾಕಿಸಿಕೊಂಡು ಊರಿಗೆ ಬಂದವನು ಜಗಲಿಯ ಮೇಲೆ ಕೂತ. ಕೂತೇ ಇದ್ದ. ಬಸ್ಸಿನಲ್ಲಿ, ಪೇಟೆಯಲ್ಲಿ ಮಂಗಾಟ ಮಾಡುವವನು ಸಂಜೆ ಐದಾಗುತ್ತಿದ್ದಂತೆ, ಮೈದಾನದ ಕಡೆಯಿಂದ ಚೆಂಡಿನ ಸದ್ದು ಕೇಳಿದ ಕೂಡಲೇ, ಎದ್ದು ಒಳಗೆ ಹೋಗಿ ಟಿವಿಯ ಸದ್ದು ಜೋರು ಮಾಡುತ್ತಿದ್ದ. ಹೊಟ್ಟೆ ಬಂತು. ಸಕ್ಕರೆ ಕಾಯಿಲೆ ಬರುವ ಹಾಗಿದೆ ಎಂದು ಡಾಕ್ಟರು ಹೇಳಿದರು. ಅದಕ್ಕೂ ಏನೋ ಒಂದು ಹಾರಿಕೆಯ ಉತ್ತರ ಕೊಟ್ಟು ನಗಿಸಿ ಬಂದ.

ಕಳೆದ ಮಾರ್ಚ್ ಕೊನೆಗೆ ಭಟ್ಕಳದಿಂದ ಫೋನು ಬಂತು. ದಾಸ ಮೊಗೇರ ಎನ್ನುವವರು. ಸೇನೆಯಲ್ಲಿ ಸುಬೇದಾರರಾಗಿದ್ದವರು, ಜೀಪು ಕಣಿವೆಗೆ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಗಾಲಿಕುರ್ಚಿ. ಗಾಯಗೊಂಡ ಮಾಜಿ ಸೈನಿಕರದೇ ಒಂದು ವಾಲಿಬಾಲ್ ತಂಡ ಕಟ್ಟುತ್ತಿದ್ದೇನೆ, ಕೂತು ಆಡುವ ವಾಲಿಬಾಲ್, ಪುಣೆಯಲ್ಲಿ ಟೂರ್ನಮೆಂಟ್ ಇದೆ, ಬಾ ಎಂದರು.

"ಕೂತ್ಕಂಡಾ? ಅದೆಂತ ಆಟ, ಊಟಕ್ಕೆ ಕೂತಂಗೆ?" ಎಂದ ಲಿಂಗಪ್ಪಣ್ಣ.

"ಬಂದು ನೋಡು ಮಾರಾಯ. ಊಟಕ್ಕೆ ಕೂತವ ಕಡೆಗೆ ಏಳ್ತಾನೆ. ಇಲ್ಲಿ ಏಳುವ ಹಾಗೂ ಇಲ್ಲ."

ಆ ಭಾನುವಾರ ಅವನು ಭಟ್ಕಳಕ್ಕೆ ಹೋದ. ಶಾಲೆಯೊಂದರ ಸಭಾಂಗಣ, ನುಣ್ಣನೆಯ ನೆಲ, ಕೂತವನ ತಲೆಗಿಂತ ಒಂದು ಗೇಣು ಮೇಲೆ ನೆಟ್. ಹನ್ನೊಂದು ಜನ ಬಂದಿದ್ದರು. ಕಾಲುಗಳನ್ನೆಲ್ಲ ಬಾಗಿಲ ಬಳಿ ಚಪ್ಪಲಿ ಬಿಟ್ಟ ಹಾಗೆ ಬಿಟ್ಟು ನೆಲಕ್ಕಿಳಿದರು. ನಿಯಮ ಒಂದೇ ಮುಖ್ಯ: ಚೆಂಡು ಮುಟ್ಟುವ ಹೊತ್ತಿಗೆ ಕುಂಡೆ ನೆಲ ಬಿಡಬಾರದು. ಕೈಯೂರಿ ಜಾರುತ್ತ, ಸರಿಯುತ್ತ ಚೆಂಡಿನ ಹತ್ತಿರ ಹೋಗಬೇಕು, ಅದೇ ಕೈ ನೆಲದಿಂದ ಎತ್ತಿ ಹೊಡೆಯಬೇಕು.

ಹೊಡೆಯುವುದೇನೋ ಲಿಂಗಪ್ಪಣ್ಣನಿಗೆ ಮರೆತಿರಲಿಲ್ಲ. ಚೆಂಡು ಅವನ ತೊಡೆಯ ಮೇಲೆ ಬಂದು ಬಿದ್ದರೆ ಆಚೆಯವರ ಎದೆ ನಡುಗುವ ಹಾಗೆ ಹೊಡೆದ. ಆದರೆ ಚೆಂಡು ಎರಡು ಮೊಳ ಆಚೆ ಬಿದ್ದರೆ ಅದನ್ನು ಸುಮ್ಮನೆ ನೋಡಿದ. ಆರು ವರ್ಷ ಜಗಲಿಯಲ್ಲಿ ಕೂತವನಿಗೆ ಕೂರುವುದು ಗೊತ್ತಿತ್ತು, ಸರಿಯುವುದು ಗೊತ್ತಿರಲಿಲ್ಲ.

ಆಟ ಮುಗಿದ ಮೇಲೆ ದಾಸ ಸುಬೇದಾರರು ಹತ್ತಿರ ಬಂದರು. "ನೋಡು ಲಿಂಗಪ್ಪ, ನಿನ್ನ ಕೈ ಒಳ್ಳೇದುಂಟು. ಆದ್ರೆ ನೀನು ರುಬ್ಬು ಕಲ್ಲಿನ ಹಾಗೆ ಕೂತಿದ್ದಿ. ನಂಗೆ ಬೇಕಾದ್ದು ಎಂಟು ಜನ. ಮೇ ಕೊನೇ ಭಾನುವಾರ ಆಯ್ಕೆ. ಏಳೆಂಟು ವಾರ ಉಂಟು. ಆ ಹೊತ್ತಿಗೆ ಸರಿಲಿಕ್ಕೆ ಕಲ್ತ್ರೆ ಆತು, ಇಲ್ಲದಿದ್ರೆ ಇಲ್ಲ. ಅವನ ಹಾಗೆ ಸರೀಬೇಕು."

ಅವರು ತೋರಿಸಿದ್ದು ಅಕ್ಷಯ ಎನ್ನುವವನನ್ನು. ಹೊನ್ನಾವರದ ಆಚೆಯವನು, ಇಪ್ಪತ್ತೇಳು ವರ್ಷ, ಹಿಮದಲ್ಲಿ ಸಿಕ್ಕಿ ಪಾದ ಕಳೆದುಕೊಂಡವನು. ನೆಲದ ಮೇಲೆ ಏಡಿಯ ಹಾಗೆ ಓಡುತ್ತಿದ್ದ. ಲಿಂಗಪ್ಪಣ್ಣನನ್ನು ನೋಡಿ ಹಲ್ಲು ಕಿರಿದು, "ಅಣ್ಣಾ, ನೀವು ಅಲ್ಲೇ ಕೂತಿರಿ, ಚೆಂಡನ್ನ ನಾನೇ ತಂದು ಕೊಡ್ತೆ" ಎಂದ.

ಮನೆಗೆ ಬಂದ ಲಿಂಗಪ್ಪಣ್ಣ ಆ ರಾತ್ರಿ ಯಾರನ್ನೂ ನಗಿಸಲಿಲ್ಲವಂತೆ. ಗಂಗಕ್ಕನಿಗೆ ಹೇಳಿದ್ದು ಒಂದೇ ಮಾತು. "ಮೊದ್ಲೊಂದ್ ಸಲ ಮೈದಾನ ಬಿಟ್ಟೆ, ಅದು ಬಾಂಬಿನ ತಪ್ಪು. ಈ ಸಲ ಬಿಟ್ರೆ ಅದು ನಂದೇ. ಆಮೇಲೆ ಚೆಂಡು ಅಂಬೂ ಶಬ್ದ ಈ ಮನೇಲಿ ಬ್ಯಾಡ."

ಭಟ್ಕಳಕ್ಕೆ ದಿನಾ ಹೋಗಲಾಗುವುದಿಲ್ಲ. ಊರಲ್ಲೇ ಅಭ್ಯಾಸಕ್ಕೆ ಜೊತೆ ಬೇಕು. ಯುವಕ ಸಂಘದ ಉಮೇಶನಿಗೆ ಹೇಳಿದ. ಉಮೇಶ ಈಗಿನ ನಮ್ಮೂರ ತಂಡದ ಕ್ಯಾಪ್ಟನ್, ಆರಡಿ ಎತ್ತರ, ತನ್ನ ಎತ್ತರದ ಬಗ್ಗೆ ತನಗೇ ಬಹಳ ಗೌರವ.

"ಕೂತು ಆಡೂದಾ? ಅಷ್ಟೇಯಾ? ನಾಳೆ ಆರ್ ಜನ ಕರ್ಕಂಡ್ ಬತ್ತೆ ಲಿಂಗಪ್ಪಣ್ಣ. ನಿನ್ನ ಒಂದ್ ವಾರದಲ್ಲಿ ತಯಾರ್ ಮಾಡೂದು ನನ್ ಜವಾಬ್ದಾರಿ."

ಬಂದರು. ಲಿಂಗಪ್ಪಣ್ಣನ ಅಂಗಳದಲ್ಲಿ, ತೆಂಗಿನ ಮರಕ್ಕೂ ಕೊಟ್ಟಿಗೆಯ ಕಂಬಕ್ಕೂ ನಡುವೆ ಬಾಡದ ಹಳೆಯ ಮೀನು ಬಲೆ ಕಟ್ಟಿ, ಸಗಣಿ ಸಾರಿಸಿದ ನೆಲದಲ್ಲಿ ಆರು ಮಂದಿ ಗಂಡು ಹುಡುಗರು ಜೀನ್ಸ್ ಪ್ಯಾಂಟಿನಲ್ಲಿ ಕೂತರು. "ಸುಪ್ರಿಯಾ, ನೀ ಬರ್ಕ" ಎಂದು ಅಂಕ ಬರೆಯುವ ಕೆಲಸ ನನಗೆ ಕೊಟ್ಟಿದ್ದ. ಮೊದಲ ಚೆಂಡಿಗೇ ಉಮೇಶ ಎದ್ದು ನಿಂತ.

"ಏಳಬಾರ್ದು!" ಎಂದ ಲಿಂಗಪ್ಪಣ್ಣ.

"ನಾ ಎದ್ದಿಲ್ಲ, ಕಾಲು ತಾನೇ ಎದ್ಕಂತು."

"ಹಂಗಾದ್ರೆ ಅದನ್ನ ಬಿಚ್ಚಿ ಜಗ್ಲಿ ಮೇಲೆ ಇಡು. ನಾ ಇಟ್ಟಿಲ್ವಾ?"

ಹತ್ತು ನಿಮಿಷಕ್ಕೆ ಒಬ್ಬನಿಗೆ ಸೊಂಟ ಹಿಡಿಯಿತು. ಇನ್ನೊಬ್ಬನ ಪ್ಯಾಂಟು ಹಿಂದೆ ಹರಿಯಿತು, ಅವನು ಗೋಡೆಗೆ ಬೆನ್ನು ಕೊಟ್ಟೇ ಮನೆಗೆ ಹೋದ. ಉಮೇಶ ಸರಿಯಲು ಹೋಗಿ ಅಂಗೈಗೆ ಕಲ್ಲು ಚುಚ್ಚಿಸಿಕೊಂಡು, ಯುದ್ಧದಲ್ಲಿ ಗಾಯವಾದವನಂತೆ ಅದನ್ನು ಎಲ್ಲರಿಗೂ ತೋರಿಸಿದ. ಮರುದಿನ ಯಾರೂ ಬರಲಿಲ್ಲ. ಒಬ್ಬನಿಗೆ ಪರೀಕ್ಷೆ, ಒಬ್ಬನಿಗೆ ಜ್ವರ, ಒಬ್ಬನ ಅಜ್ಜಿಗೆ ಜ್ವರ. ಉಮೇಶ ಮಾತ್ರ ನಿಜ ಹೇಳಿ ಕಳಿಸಿದ: "ಕೂರೂಕೇ ಆಗ್ತಿಲ್ಲ. ಬೆಳಗ್ಗಿಂದ ನಿಂತೇ ಚಾ ಕುಡೀತಾ ಇದ್ದೆ."

ಹೀಗೆ ಮೂರು ವಾರ ವ್ಯರ್ಥವಾಯಿತು. ಭಾನುವಾರ ಭಟ್ಕಳಕ್ಕೆ ಹೋಗುವುದು, ಅಕ್ಷಯನ ಕೈಯಲ್ಲಿ ಕುಟುಕಿಸಿಕೊಳ್ಳುವುದು, ವಾರವಿಡೀ ಗೋಡೆಗೆ ಚೆಂಡು ಹೊಡೆಯುವುದು. ಗೋಡೆ ಚೆಂಡನ್ನು ಯಾವಾಗಲೂ ನೇರ ಕೈಗೇ ಕೊಡುತ್ತದೆ. ಅದರಿಂದ ಏನೂ ಕಲಿಯಲಿಕ್ಕಿಲ್ಲ.

ಏಪ್ರಿಲ್ ಕೊನೆಗೆ ಅಂಗಳವೂ ಹೋಯಿತು. ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಹೆಂಗಸರು ಮಡಲು ಹೆಣೆಯಲು ಕೂರುತ್ತಾರೆ. ಮಡಲು ಅಂದರೆ ತೆಂಗಿನ ಗರಿ. ಕೆರೆಯಲ್ಲಿ ನೆನೆಹಾಕಿ ಮೆತ್ತಗಾದ ಗರಿಯನ್ನು ನೆಲಕ್ಕೆ ಹಾಸಿ, ಬುಡದ ಕಡೆ ಕೂತು, ಎಲೆ ಎಲೆಯನ್ನು ಒಂದರೊಳಗೊಂದು ತೂರಿಸಿ ಚಾಪೆಯಂತೆ ಹೆಣೆಯುತ್ತ ತುದಿಯವರೆಗೆ ಹೋಗಬೇಕು. ಕೊಟ್ಟಿಗೆಗೆ, ಕಟ್ಟಿಗೆ ಶೆಡ್ಡಿಗೆ, ಮಣ್ಣಿನ ಗೋಡೆಗೆ ಮಳೆ ಬಡಿಯದಂತೆ ಕಟ್ಟಲು. ಆ ವರ್ಷ ಅಪ್ಸರಕೊಂಡದ ಎಳನೀರು ಅಂಗಡಿಯವರೂ ಚಪ್ಪರಕ್ಕೆಂದು ಇನ್ನೂರು ಮಡಲು ಬೇಕೆಂದಿದ್ದರು. ಲಿಂಗಪ್ಪಣ್ಣನ ತಾಯಿ ಮಾಸ್ತಮ್ಮ, ಆಚೆ ಮನೆಯ ಹಮ್ಮಜ್ಜಿ, ಇನ್ನೂ ಮೂವರು ಅಂಗಳದ ತುಂಬ ಗರಿ ಹರಡಿ ಕೂತರು. ಹಮ್ಮಜ್ಜಿಗೆ ಅರವತ್ತೆಂಟು. ಮಂಡಿ ನೋವು, ಕಣ್ಣು ಮಂಜು, ಬಾಯಿ ಮಾತ್ರ ಹೊಸದು.

ಲಿಂಗಪ್ಪಣ್ಣ ಜಗಲಿಯಲ್ಲಿ ಕೂತು ಸಿಟ್ಟಿನಿಂದ ಚೆಂಡನ್ನು ಎದುರು ಗೋಡೆಗೆ ಹೊಡೆದ. ಅದು ಮೂಲೆಗೆ ಬಡಿದು ತಿರುಗಿ ಹಮ್ಮಜ್ಜಿಯ ಬಲಕ್ಕೆ, ಸುಮಾರು ಮೂರು ಮೊಳ ಆಚೆಗೆ ಹಾರಿ ಬಂತು. ಹಮ್ಮಜ್ಜಿ ಏಳಲಿಲ್ಲ. ಸರ್ರನೆ ಕೂತಲ್ಲಿಂದಲೇ ಸರಿದು, ನೆಲ ಬಿಡದೆ, ಅಂಗೈಯಲ್ಲಿ ಚೆಂಡಿಗೆ ಒಂದು ಬಾರಿಸಿ, "ಮುದ್ಕಿ ತಲೆ ಒಡೀತ್ಯೇನಾ?" ಎಂದಳು. ಚೆಂಡು ಬಂದು ಲಿಂಗಪ್ಪಣ್ಣನ ಹೊಟ್ಟೆಗೆ ಬಿತ್ತು.

ಅವನು ಚೆಂಡನ್ನೂ ಹಮ್ಮಜ್ಜಿಯನ್ನೂ ನೋಡಿದ. ಆಮೇಲೆ ಬೇಕೆಂದೇ ಇನ್ನೊಂದು ಚೆಂಡು ಹೊಡೆದ. ಈ ಸಲ ಅವನ ಅವ್ವಿಯ ಬಲಕ್ಕೆ. ಮಾಸ್ತಮ್ಮ ಕೈಯಲ್ಲಿ ಹಿಡಿದ ಎಲೆ ಬಿಡದೆಯೇ ಸರಿದು ಇನ್ನೊಂದು ಕೈಯಲ್ಲಿ ಬಡಿದಳು.

"ಅವ್ವೀ! ಹೆಂಗ್ ಮಾಡ್ದೆ ಅದನ್ನ?"

"ಎಂತದ?"

"ಹಂಗ್ ಸರ್ದ್ಯಲೆ!"

"ನಲವತ್ತೈದ್ ವರ್ಷದಿಂದ ಮಡಲು ಹೆಣೀತಾ ಇದ್ದೆ. ಒಂದೊಂದ್ ಗರಿಗೂ ಎದ್ದು ಕೂತು ಮಾಡೂಕೆ ನಂಗೇನು ಬ್ಯಾರೆ ಕೆಲ್ಸ ಇಲ್ಯಾ?"

ಲಿಂಗಪ್ಪಣ್ಣ ಕಾಲು ಹಾಕಿಕೊಳ್ಳುವುದನ್ನೂ ಮರೆತು ಜಗಲಿಯಿಂದ ಇಳಿದುಬಂದ. ಐದೂ ಜನರ ಮುಂದೆ ಕೈ ಮುಗಿದು, ದಿನಾ ಸಂಜೆ ಒಂದು ತಾಸು ತನ್ನ ಜೊತೆ ವಾಲಿಬಾಲ್ ಆಡಬೇಕೆಂದು ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಿದ್ದು ಬಿದ್ದು ನಕ್ಕರು. ಹಮ್ಮಜ್ಜಿಯ ಎಲೆಅಡಿಕೆ ನೆತ್ತಿಗೇರಿತು.

"ಇನ್ನೂರ್ ಮಡಲು ಯಾರ್ ಹೆಣೀತ್ರು? ನಿನ್ ಸುಬೇದಾರನಾ?" ಎಂದಳು ಕೆಮ್ಮು ನಿಂತ ಮೇಲೆ.

"ನಾ ಹೆಣೀತೆ."

"ನೀ? ಗಂಡಸ್ರು ಹೆಣೆದ ಮಡಲಲ್ಲಿ ಮಳೆ ನಿಲ್ಲೂದಿಲ್ಲ, ಸೋರ್ತದೆ."

"ನಿಲ್ಲೂ ಹಂಗೆ ಕಲ್ಸು. ಒಂದ್ ತಾಸು ನೀವು ನನ್ ಆಟ ಆಡಿ, ಒಂದ್ ತಾಸು ನಾ ನಿಮ್ಮ ಕೆಲ್ಸ ಮಾಡ್ತೆ."

ಕರಾರು ಆಯಿತು. ಹೊಳನಗದ್ದೆಯಲ್ಲಿ ಅಷ್ಟು ದೊಡ್ಡ ನಗೆಯ ತಿಂಗಳು ಇನ್ನೊಂದು ಬಂದಿಲ್ಲ. ನಾಲ್ಕು ಗಂಟೆಗೆ ಲಿಂಗಪ್ಪಣ್ಣ ಲುಂಗಿ ಕಟ್ಟಿ ಮಡಲಿನ ಬುಡಕ್ಕೆ ಕೂರುವುದು, ಹೆಣೆಯುವುದು, ಸರಿಯುವುದು. ಹಮ್ಮಜ್ಜಿ ಹಿಂದಿನಿಂದ ಬೈಯುವುದು. "ಕೈ ಊರ್ಬ್ಯಾಡ, ಸೊಂಟದಿಂದ ಸರಿ! ದೇವ್ರು ಅದನ್ನ ಎಂತಕ್ಕೆ ಕೊಟ್ಟಿದ?" ಮೊದಲ ದಿನ ಹೆಣೆದ ಮಡಲನ್ನು ಮಾಸ್ತಮ್ಮ ಎತ್ತಿ ಹಿಡಿದು ಆಕಾಶ ನೋಡಿ, "ಇದ್ರಲ್ಲಿ ಬೇಕಾರೆ ಅಕ್ಕಿ ಗಾಳಿಸ್ಲಕ್ಕು" ಎಂದಳು. ಐದು ಗಂಟೆಗೆ ಗರಿಗಳನ್ನು ಬದಿಗೆ ಸರಿಸಿ ಆಟ. ಈಚೆ ಲಿಂಗಪ್ಪಣ್ಣ, ಗಂಗಕ್ಕ, ಅಂಕದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನಾನು. ಆಚೆ ಐದು ಹೆಂಗಸರು.

ಅವರು ಆಡಿದ್ದನ್ನು ಆಟ ಎನ್ನಲು ನನಗೆ ಧೈರ್ಯವಿಲ್ಲ. ಚೆಂಡು ಬಂದರೆ ಹಮ್ಮಜ್ಜಿ ಒಮ್ಮೊಮ್ಮೆ ಅದನ್ನು ಸೆರಗಿನಲ್ಲಿ ಮುಚ್ಚಿ, "ಎಲ್ಲಿ ಚೆಂಡು? ನಮ್ಮ ಕಡೆ ಬರ್ಲೇ ಇಲ್ಲ" ಎನ್ನುತ್ತಿದ್ದಳು. ಲಿಂಗಪ್ಪಣ್ಣ ಹೊಡೆಯಲು ಕೈ ಎತ್ತಿದ ಕೂಡಲೇ ಮಾಸ್ತಮ್ಮ, "ತಮಾ, ಎಮ್ಮೆ ಹಗ್ಗ ಬಿಚ್ಕಂಡ್ ಹೋತು!" ಎಂದು ಕೂಗುತ್ತಿದ್ದಳು. ಅವನು ತಿರುಗಿದರೆ ಅಂಕ ಅವರಿಗೆ. ಅದೂ ಸಾಲದೆ ಹಾಡು. ಕೆಲಸಕ್ಕೆ ಕೂತರೆ ಹಾಡದೆ ಇರಲು ಅವರಿಗೆ ಬರುವುದಿಲ್ಲ, ಹಳೆಯ ಹಾಡಿನ ಧಾಟಿಗೆ ಅಲ್ಲೇ ಹೊಸ ಮಾತು ಹೊಸೆದರು:

ದಂಡಿಗೆ ಹೋದಣ್ಣ ಕುಂಡೇಲಿ ನಡೆದಾನೆ
ಕೆಂಡದ ಹಂಗೆ ಚೆಂಡ ಹೊಡೆದಾನೆ, ತಂಗ್ಯಮ್ಮ
ಚೆಂಡೋಗಿ ಗೊಬ್ಬರದ ಗುಂಡೀಲಿ.

ಚೆಂಡು ನಿಜಕ್ಕೂ ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ತರುವ ಪಾಳಿ ನನ್ನದು.

ಆದರೆ ಎರಡು ವಾರದಲ್ಲಿ ಅವನು ಸರಿಯತೊಡಗಿದ. ಮೂರನೆಯ ವಾರದಲ್ಲಿ ಹಮ್ಮಜ್ಜಿಯ ಜೊತೆ ಪಂದ್ಯ ಕಟ್ಟಿ, ಒಂದೇ ಸಮ ಎರಡು ಗರಿ ಹಾಸಿ, ಬುಡದಿಂದ ತುದಿಗೆ ಯಾರು ಮೊದಲು ಎಂದು ಹೆಣೆದು, ಅರ್ಧ ಮೊಳದಲ್ಲಿ ಸೋತ. ಹೊಟ್ಟೆ ಇಳಿಯಿತು. ಲುಂಗಿ ಎರಡು ಸುತ್ತು ಹೆಚ್ಚು ಬಂತು. ಸಂಜೆ ಐದಕ್ಕೆ ಮೈದಾನದಿಂದ ಚೆಂಡಿನ ಸದ್ದು ಬಂದರೆ, ಉಮೇಶನ ಹುಡುಗರೇ ಆಟ ನಿಲ್ಲಿಸಿ ನಮ್ಮ ಅಂಗಳದ ಬೇಲಿಗೆ ಬಂದು ನಿಲ್ಲುತ್ತಿದ್ದರು. ಭಟ್ಕಳದ ಕೊನೆಯ ಎರಡು ಭಾನುವಾರ ಮಾತ್ರ ಅವನು ಬೇಕೆಂದೇ ಹೋಗಲಿಲ್ಲ. ಆಯ್ಕೆಯ ದಿನವೇ ಎಲ್ಲರ ಕಣ್ಣು ಕುಕ್ಕುವ ಹಾಗೆ ಮಾಡಬೇಕು ಎಂಬ ಆಸೆ. ಅದೇ ದೊಡ್ಡ ತಪ್ಪಾಯಿತು.

ಮೇ ಕೊನೆಯ ಭಾನುವಾರ ಒಂದು ಟೆಂಪೋ ಮಾಡಿಕೊಂಡು ಎಲ್ಲರೂ ಹೊರಟೆವು. ಹೆಂಗಸರು ಬರುವುದು ಬೇಡ ಎಂದು ಅವನು ಎಷ್ಟು ಹೇಳಿದರೂ, "ಕಲ್ಸಿದವ್ರು ಬರೂದ್ ಬ್ಯಾಡ್ವಾ? ಶಾಲೆ ಮಾಸ್ತರಿಗೆ ಹಿಂಗೇ ಹೇಳ್ತ್ಯಾ?" ಎಂದು ಹಮ್ಮಜ್ಜಿ ಡ್ರೈವರ್ ಪಕ್ಕದ ಸೀಟಿನಲ್ಲಿ ಮೊದಲೇ ಕೂತಿದ್ದಳು. ಶರಾವತಿ ಸೇತುವೆ ದಾಟುವಾಗ ಲಿಂಗಪ್ಪಣ್ಣ ಕಿಟಕಿಯಾಚೆ ನೋಡುತ್ತಿದ್ದ. ಒಂದೂ ಸುಳ್ಳು ಹೇಳಲಿಲ್ಲ. ಗಂಗಕ್ಕ ಅವನ ಬೆನ್ನ ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿದಳು, ಮಾತಾಡಿಸಬೇಡ ಎಂದು.

ಸಭಾಂಗಣದಲ್ಲಿ ಹನ್ನೊಂದು ಜನರನ್ನೂ ಲೆಕ್ಕ ತುಂಬಲು ಭಟ್ಕಳದ ಇನ್ನೊಬ್ಬ ಆಟಗಾರನನ್ನೂ ಸೇರಿಸಿ ಎರಡು ತಂಡ ಮಾಡಿದರು. ಲಿಂಗಪ್ಪಣ್ಣ ಒಂದರಲ್ಲಿ, ಅಕ್ಷಯ ಎದುರಿನದರಲ್ಲಿ. ಇಪ್ಪತ್ತೈದು ಅಂಕದ ಒಂದೇ ಆಟ, ಗೆಲ್ಲಲು ಎರಡು ಅಂಕದ ಅಂತರ ಬೇಕು. ಅದನ್ನು ನೋಡಿ ದಾಸ ಸುಬೇದಾರರು ಎಂಟು ಹೆಸರು ಓದುತ್ತಾರೆ.

ಮೊದಲ ಚೆಂಡು ಲಿಂಗಪ್ಪಣ್ಣನ ಬಲಕ್ಕೆ ಬಂತು. ಅವನು ಸರ್ರನೆ ಹೋಗಿ ಎತ್ತಿದ. ಸಭಾಂಗಣದಲ್ಲಿ ಎಲ್ಲ "ಓಹ್" ಎಂದರು. ಎರಡನೆಯದೂ ಬಲಕ್ಕೆ, ಎತ್ತಿದ, ಎದ್ದ ಚೆಂಡಿಗೆ ಜೊತೆಯವನು ಹೊಡೆದ, ಅದೂ ಅಂಕ. ದಾಸ ಸುಬೇದಾರರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ಮಾಸ್ತಮ್ಮ ನನ್ನ ತೊಡೆಗೆ ಹೊಡೆದು ನಕ್ಕಳು.

ಮೂರನೆಯದು ಎಡಕ್ಕೆ ಬಿತ್ತು. ಲಿಂಗಪ್ಪಣ್ಣ ಅಲ್ಲೇ ಇದ್ದ. ನಾಲ್ಕನೆಯದೂ ಎಡಕ್ಕೆ. ಅವನು ಸೊಂಟ ತಿರುಗಿಸಿದ, ಮೈ ಅಲುಗಿತು, ಜಾಗ ಬಿಡಲಿಲ್ಲ.

ಅಕ್ಷಯನ ಕಣ್ಣಲ್ಲಿ ದೀಪ ಹತ್ತಿದ್ದು ನನಗೆ ಕೂತಲ್ಲಿಂದಲೇ ಕಂಡಿತು. ಐದು, ಆರು, ಏಳು, ಹತ್ತರವರೆಗೂ ಎಲ್ಲ ಚೆಂಡೂ ಲಿಂಗಪ್ಪಣ್ಣನ ಎಡಕ್ಕೇ. ಅವರದು ಎಂಟು, ನಮ್ಮದು ಎರಡು. "ಅಣ್ಣಾ, ಆ ಬದಿಗೆ ಬೇಲಿ ಹಾಕಿದ್ರಾ?" ಎಂದ ನೆಟ್ಟಿನ ಆಚೆಯಿಂದ.

ದಾಸ ಸುಬೇದಾರರು ಆಟ ನಿಲ್ಲಿಸಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿ. "ಎಂತ ಮಾರಾಯ ಇದು! ಎಡಗಾಲು ಇಲ್ಲದವ ಬಲಗಾಲು ಒತ್ತಿ ಎಡಕ್ಕೆ ಸುಲಭದಲ್ಲಿ ಸರೀತಾನೆ. ಕಷ್ಟ ಆಗುದು ಬಲಕ್ಕೆ. ನಿಂದು ಎಲ್ಲ ತಿರುಗ್ಸಿ ಉಂಟು. ನಿಂಗೆ ಯಾರು ಕಲ್ಸಿದ್ದು?"

ಲಿಂಗಪ್ಪಣ್ಣ ಬೆವರೊರೆಸಿಕೊಂಡ. ಅವನಿಗೂ ಅರ್ಥವಾಗಿರಲಿಲ್ಲ. ಗೋಡೆ ಬದಿಯಿಂದ ಹಮ್ಮಜ್ಜಿ ಎದ್ದಳು, ಮಂಡಿ ಹಿಡಿದುಕೊಂಡು.

"ನಾ ಕಲ್ಸಿದ್ದು. ಎಂತ ತಪ್ಪಾತು?"

"ನೀವಾ ಅಜ್ಜಿ?"

"ಮಡಲು ಬುಡದಿಂದ ತುದಿಗೆ ಹೆಣೀಬೇಕು. ಬುಡ ಎಡಕ್ಕೆ, ತುದಿ ಬಲಕ್ಕೆ. ನನ್ನ ಅತ್ತೆ ಹಂಗೇ ಹೆಣೀತಿದ್ರು, ಅವ್ರ ಅತ್ತೆನೂ ಹಂಗೇ. ಎಡಕ್ಕೆ ಎಂತಕ್ಕೆ ಹೋಗ್ಬೇಕು? ಹೆಣೆದದ್ದನ್ನ ಬಿಚ್ಚೂಕಾ?"

ನಮಗೆಲ್ಲ ಒಟ್ಟಿಗೇ ಹೊಳೆಯಿತು. ಒಂದು ತಿಂಗಳು ಅಂಗಳದಲ್ಲಿ ಐದು ಹೆಂಗಸರೂ ಬಲಕ್ಕೇ ಸರಿದಿದ್ದರು, ಅವನೂ ಬಲಕ್ಕೇ ಸರಿದಿದ್ದ. ಅವರ ಎಡಕ್ಕೆ ಚೆಂಡು ಬಿದ್ದರೆ ಅವರು ಬೈಯುತ್ತಿದ್ದರು, ತನ್ನ ಎಡಕ್ಕೆ ಬಂದದ್ದನ್ನು ಅವನೂ ಬಿಡುತ್ತಿದ್ದ. ನಾನೂ ಪುಸ್ತಕದಲ್ಲಿ ಅಂಕ ಬರೆದುಕೊಂಡು ಕೂತಿದ್ದೆ, ತಲೆಗೆ ಹೋಗಿರಲಿಲ್ಲ. ಸಭಾಂಗಣ ಸಿಡಿದು ಹೋಗುವಂತೆ ನಕ್ಕಿತು. ಅಕ್ಷಯ ನೆಲದ ಮೇಲೆ ಅಂಗಾತ ಬಿದ್ದು ನಗುತ್ತಿದ್ದ. ಗಂಗಕ್ಕ ಮಾತ್ರ ನಗಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು.

ಲಿಂಗಪ್ಪಣ್ಣ ಅಂಕಣದ ಗೆರೆಗಳನ್ನು ನೋಡುತ್ತಿದ್ದ. ಎಡಮೂಲೆ, ಬಲಮೂಲೆ, ಮತ್ತೆ ಎಡಮೂಲೆ. ಅವನ ತುಟಿಯ ಅಂಚು ಸ್ವಲ್ಪ ಮೇಲೆ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಪ್ಯಾಂಟಿನ ಅಂಚು ಎತ್ತುವಾಗ ಬರುತ್ತದಲ್ಲ, ಆ ಮುಖ.

"ಸುಬೇದಾರ್ ಸಾಬ್, ಸರ್ವಿಸ್ ಆದ ಮೇಲೆ ಹಿಂದಿನ ಸಾಲಿನವ್ರು ತಮ್ಮತಮ್ಮಲ್ಲಿ ಜಾಗ ಬದ್ಲಿಸ್ಲಕ್ಕು ಅಲ್ದಾ?"

"ಬದ್ಲಿಸ್ಬಹುದು. ಮುಂದಿನ ಸಾಲಿನವ್ರೂ ಅಷ್ಟೇ."

"ಹಂಗಾದ್ರೆ ನಂಗೆ ಯಾವಾಗ್ಲೂ ಎಡಮೂಲೆ ಕೊಡಿ. ಅಲ್ಲಿ ಕೂತ್ರೆ ನನ್ನ ಎಡಕ್ಕೆ ಗೆರೆ. ಗೆರೆ ಆಚೆ ಬಿದ್ದದ್ದು ಔಟು. ಅಂಕಣ ಅಷ್ಟೂ ನನ್ನ ಬಲಕ್ಕೇ ಆಗ್ತದೆ."

ದಾಸ ಸುಬೇದಾರರು ಅವನನ್ನು ದಿಟ್ಟಿಸಿದರು. ಆಮೇಲೆ ಸೀಟಿ ಊದಿದರು.

ಅಲ್ಲಿಂದ ಮುಂದಿನ ಆಟವನ್ನು ನಾನು ಸತ್ತರೂ ಮರೆಯುವುದಿಲ್ಲ. ಸರ್ವಿಸ್ ಆದ ಕೂಡಲೇ ಲಿಂಗಪ್ಪಣ್ಣ ಸರಿದು ಸರಿದು ಎಡಗೆರೆಗೆ ಅಂಟಿಕೊಳ್ಳುವುದು. ಮೊದಲು ಅಲ್ಲಿಗೆ ತಲುಪುವುದೇ ಕಷ್ಟ, ಎಡಕ್ಕೆ ಬರುವುದಿಲ್ಲವಲ್ಲ! ಅದಕ್ಕೆ ಹಿಂದಕ್ಕೆ ತಿರುಗಿ, ಬೆನ್ನು ನೆಟ್ಟಿಗೆ ಕೊಟ್ಟು, ಬಲಕ್ಕೆ ಸರಿದು ಮೂಲೆ ಮುಟ್ಟಿ, ಮತ್ತೆ ಗಿರ್ರನೆ ತಿರುಗುತ್ತಿದ್ದ. ಅದನ್ನು ನೋಡಿ ಎದುರಿನವರಿಗೆ ನಗು ತಡೆಯದೆ ಎರಡು ಸರ್ವಿಸ್ ನೆಟ್ಟಿಗೆ ಹೋದವು. ಒಮ್ಮೆ ತಲುಪಿದನೆಂದರೆ ಮುಗಿಯಿತು, ಅಲ್ಲಿಂದ ಅಂಕಣದ ನಡುವಿನವರೆಗೆ ಒಂದು ಚೆಂಡೂ ನೆಲ ಕಾಣಲಿಲ್ಲ. ಅಕ್ಷಯ ಎಡಕ್ಕೆ ಹೊಡೆದರೆ ಗೆರೆಯಾಚೆ. ಬಲಕ್ಕೆ ಹೊಡೆದರೆ ಲಿಂಗಪ್ಪಣ್ಣ.

"ಸರಿ ತಮಾ, ಸರಿ! ತುದಿ ಬಂತು, ತುದಿ!" ಎಂದು ಹಮ್ಮಜ್ಜಿ ಗೋಡೆ ಬದಿಯಿಂದ ಕೂಗುತ್ತಿದ್ದಳು. ಮಾಸ್ತಮ್ಮ ಎದುರಿನವರು ಹೊಡೆಯುವಾಗಲೆಲ್ಲ "ಎಮ್ಮೆ ಹೋತು!" ಎಂದು ಕಿರುಚಿ, ಎರಡನೇ ಸಲಕ್ಕೆ ಸುಬೇದಾರರಿಂದ ಎಚ್ಚರಿಕೆ ತೆಗೆದುಕೊಂಡಳು.

ಇಪ್ಪತ್ತಮೂರು ಸಮ. ಅಕ್ಷಯ ಬಹಳ ಜಾಣ. ಜೋರಾಗಿ ಹೊಡೆಯುವವನಂತೆ ಕೈ ಬೀಸಿ, ಬೆರಳ ತುದಿಯಲ್ಲಿ ಚೆಂಡನ್ನು ನೆಟ್ಟಿನ ಪಕ್ಕಕ್ಕೆ, ಲಿಂಗಪ್ಪಣ್ಣನಿಂದ ದೂರದ ಬಲಮುಂದಕ್ಕೆ ಬಿಟ್ಟ. ಲಿಂಗಪ್ಪಣ್ಣ ಹೊರಟ. ಒಂದು ಇಡೀ ಗರಿಯಷ್ಟು ದೂರ. ಕೊನೆಯ ಗೇಣಿಗೆ ಮೈ ಚಾಚಿ ಅಂಗೈಯ ಹಿಂಭಾಗ ಚೆಂಡಿನ ಕೆಳಗೆ ತೂರಿಸಿದ. ಚೆಂಡು ಎದ್ದಿತು, ಜೊತೆಯವನು ಹೊಡೆದ, ಅಂಕ. ಮುಂದಿನ ಅಂಕವನ್ನು ಅಕ್ಷಯ ಪಡೆದ, ಅದರ ಮುಂದಿನದನ್ನೂ, ಅದರಾಚೆಯದನ್ನೂ. ಆಟ ಅವನ ತಂಡದ್ದಾಯಿತು.

ಸೋತ ತಂಡದವನನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ. ಸುಬೇದಾರರು ಕಾಗದದ ಮೇಲೆ ಬಹಳ ಹೊತ್ತು ಬರೆದರು, ಒಂದನ್ನು ಹೊಡೆದು ಹಾಕಿದರು, ಮತ್ತೆ ಬರೆದರು. ಏಳು ಹೆಸರು ಓದಿದರು. ಮೊದಲನೆಯದೇ ಅಕ್ಷಯ. ಏಳರಲ್ಲಿ ಲಿಂಗಪ್ಪಣ್ಣ ಇರಲಿಲ್ಲ. ಗಂಗಕ್ಕನ ಕೈ ನನ್ನ ಕೈಯನ್ನು ಹಿಡಿದಿತ್ತು, ಬಳೆ ಒತ್ತಿ ನೋವಾಗುತ್ತಿತ್ತು.

"ಎಂಟನೇದು," ಎಂದರು ಸುಬೇದಾರರು, "ಲಿಂಗಪ್ಪ ಪಟಗಾರ. ಎಡಮೂಲೆಗೆ. ಆದ್ರೆ ಪುಣೆಗೆ ಹೋಗುವ ಮೊದಲು ಎಡಕ್ಕೂ ಸರಿಲಿಕ್ಕೆ ಕಲೀಬೇಕು. ಅಲ್ಲಿನವ್ರು ಅಕ್ಷಯನಷ್ಟು ನಗುದಿಲ್ಲ, ಬೇಗ ಹಿಡೀತಾರೆ."

ಹಮ್ಮಜ್ಜಿಗೆ ಅರ್ಧ ಮಾತ್ರ ಕೇಳಿಸಿತು. "ಎಂತ ಅಂದ್ರು?"

"ತಗ್ಸ್ಕಂಡ್ರು," ಎಂದಳು ಗಂಗಕ್ಕ. ಅಷ್ಟು ಹೇಳಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಎಲ್ಲರೂ ಬಾಗಿಲ ಬಳಿ ಹೋಗಿ ತಮ್ಮ ತಮ್ಮ ಕಾಲು ಹುಡುಕಿ ಹಾಕಿಕೊಳ್ಳತೊಡಗಿದರು. ಚಾ ಬಂತು, ಬನ್ಸ್ ಬಂತು. ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಲಿಂಗಪ್ಪಣ್ಣ ಮಾತ್ರ ಅಂಕಣದ ನಡುವೆ ಕೂತೇ ಇದ್ದ.

"ಅಕ್ಷಯಾ, ಬಾರಾ ಇಲ್ಲಿ. ಎಡಕ್ಕೆ ಒಂದ್ ಹಾಕು."

"ಚಾ ತಣೀತದೆ ಅಣ್ಣಾ."

"ತಣೀಲಿ. ಹಾಕು."

ಅಕ್ಷಯ ಬಾಯಲ್ಲಿ ಬನ್ಸ್ ಕಚ್ಚಿಕೊಂಡೇ ಬಂದು ಕೂತು, ಮೆಲ್ಲನೆ ಎಡಕ್ಕೆ ಎಸೆದ. ಸಿಗಲಿಲ್ಲ. ಇನ್ನೊಂದು. ಸಿಗಲಿಲ್ಲ. ನಾನು ಹೆಕ್ಕಿ ಕೊಡುತ್ತಿದ್ದೆ. ಹಮ್ಮಜ್ಜಿ ಗೋಡೆ ಬದಿಯಲ್ಲಿ ಕೂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ತಾನೂ ಎಡಕ್ಕೆ ಒಂದು ಗೇಣು ಸರಿಯಲು ಪ್ರಯತ್ನಿಸಿ, ತಲೆಯಲ್ಲಾಡಿಸಿ ಬಿಟ್ಟಳು. ಒಂಬತ್ತನೆಯ ಚೆಂಡಿಗೆ ಲಿಂಗಪ್ಪಣ್ಣ ಬಲಗಾಲು ಒತ್ತಿದ, ಸೊಂಟ ಎಳೆದ, ಮೈ ಒಂದು ಮೊಳ ಎಡಕ್ಕೆ ಹೋಯಿತು, ಚೆಂಡು ಅವನ ಕಿರುಬೆರಳಿಗೆ ತಾಗಿ ಸುಬೇದಾರರ ಚಾದ ಲೋಟಕ್ಕೆ ಬಡಿಯಿತು.

"ತಾಗ್ತು! ಸುಪ್ರಿಯಾ, ಬರ್ಕ, ತಾಗ್ತು!" ಎಂದು ಅವನು ಕೂಗಿದ. ಸುಬೇದಾರರು ಚಾ ಸುರಿದ ಅಂಗಿಯನ್ನು ಹಿಡಿದುಕೊಂಡು ಅವನ ಕಡೆ ಕುರ್ಚಿ ತಿರುಗಿಸುವಷ್ಟರಲ್ಲಿ, ಅವನು ಅಕ್ಷಯನ ಕಡೆ ಬೆರಳು ತೋರಿಸಿ, "ಹೊಡ್ದದ್ದು ಇವ, ಸಾಬ್" ಎನ್ನುತ್ತಿದ್ದ.